ಸ್ಟಾರ್ಟ್ ಆಗದ ಎಂಜಿನ್ನು, ರುಡಾಲ್ಫ್ ಡೀಸೆಲ್ ಬದುಕು

ಡೀಸೆಲ್ ಅನ್ನೋದು ಒಬ್ಬ ಮನುಷ್ಯನ ಹೆಸರು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗೋದು ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ. ಅಲ್ಲಿವರೆಗೆ ಅದು ಬಂಕಿನಲ್ಲಿ ಸಿಗುವ ಎಣ್ಣೆ. ಕ್ಲಾಸಿನಲ್ಲೂ ಏನಾಗುತ್ತೆ? ಬೋರ್ಡ್ ಮೇಲೆ ಪಿ-ವಿ ಡಯಾಗ್ರಾಮ್ ಬರುತ್ತೆ, ಕಟ್-ಆಫ್ ರೇಶಿಯೋ ಬರುತ್ತೆ, ಎಫಿಶಿಯೆನ್ಸಿಯ ಉದ್ದನೆ ಫಾರ್ಮುಲಾ ಬರುತ್ತೆ. ಅದನ್ನು ಡಿರೈವ್ ಮಾಡಿ ಬರೆದರೆ ಹತ್ತು ಮಾರ್ಕ್ಸು, ಮುಗೀತು. ಆ ಮನುಷ್ಯ ಯಾರು, ಅವರ ಎಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯ್ತಾ, ಆಗದಿದ್ದಾಗ ಏನು ಮಾಡಿದರು, ಕೊನೆಗೆ ಅವರೇನಾದರು, ಇದ್ಯಾವುದೂ ಸಿಲಬಸ್ಸಿನಲ್ಲಿಲ್ಲ. ಮೆಕ್ಯಾನಿಕಲ್ ಬ್ರಾಂಚಿನವರದ್ದೇ ಈ ಪಾಡಾದರೆ ಕಂಪ್ಯೂಟರ್ ಸೈನ್ಸಿನವರ ಕಥೆ ಕೇಳೋದೇ ಬೇಡ.

ನಮ್ಮ ಕನ್ನಡ ಬಳಗದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರೇ ಜಾಸ್ತಿ. ಈ ನಾಲ್ಕೂ ಕಡೆ ಒಂದಲ್ಲ ಒಂದು ಡೀಸೆಲ್ ಎಂಜಿನ್ ಮನೆಯವರ ಥರ ಇದ್ದೇ ಇರುತ್ತೆ. ಅರಕಲಗೂಡಿನ ಕಡೆ ಆಲೂಗಡ್ಡೆ, ಶುಂಠಿ ಹೊಲದಲ್ಲಿ ಟಿಲ್ಲರ್. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದಲ್ಲಿ ಕರೆಂಟು ಕೈಕೊಟ್ಟಾಗ ನೀರೆತ್ತುವ ಪಂಪ್‌ಸೆಟ್. ಇನ್ನು ಎಲ್ಲ ಕಡೆಯೂ, ರಸ್ತೆ ಮುಗಿದ ಮೇಲೂ ಹೋಗೋಕೆ ಬೇಕಾಗುವ ಹಳೇ ಜೀಪು. ಮಹೀಂದ್ರಾದವರು ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದ್ದು 1947ರಲ್ಲಿ. ಆಗಿನ ಜೀಪುಗಳೆಲ್ಲ ಪೆಟ್ರೋಲ್. ಗಟ್ಟಿ ಗಾಡಿ, ಆದರೆ ಪೆಟ್ರೋಲ್ ನೀರು ಕುಡಿದ ಹಾಗೆ ಕುಡಿಯುತ್ತೆ. ಹಾಗಾಗಿ ಎಷ್ಟೋ ಜನ ಪೆಟ್ರೋಲ್ ಎಂಜಿನ್ ಇಳಿಸಿ ಆ ಜಾಗಕ್ಕೆ ಡೀಸೆಲ್ ಎಂಜಿನ್ ಕೂರಿಸಿದರು. ಮುಂದೆ ಕಂಪನಿಯವರೇ ಪ್ಯೂಜೋ ಎಕ್ಸ್‌ಡಿಪಿ 4.90 ಅನ್ನುವ ಡೀಸೆಲ್ ಎಂಜಿನ್ ಹಾಕಿದ ಜೀಪು ತಂದರು. ಹಳೇ ಜೀಪಿಗೆ ಗುಜರಿಯಿಂದ ತಂದು ಕೂರಿಸೋಕೆ ಆ ಎಂಜಿನ್ನಿಗೆ ಒಳ್ಳೇ ಬೇಡಿಕೆ. (ಹೀಗೆ ಬದಲಿಸೋಕೆ ಆರ್‌ಟಿಓ ಅನುಮತಿ ಬೇಕು, ಆರ್‌ಸಿಯಲ್ಲಿ ಎಂಜಿನ್ ನಂಬರೂ ಇಂಧನವೂ ತಿದ್ದುಪಡಿ ಆಗಬೇಕು. ತೋಟದೊಳಗೇ ಓಡುತ್ತಲ್ಲ ಅಂತ ಸುಮ್ಮನಾದವರು ಮಾರುವಾಗ ಒದ್ದಾಡ್ತಾರೆ.)

ಎಂಜಿನ್ ಕೂರಿಸೋದು ಒಂದು ದಿನದ ಕೆಲಸ. ಅದು ಸ್ಟಾರ್ಟ್ ಆಗದೆ ಸತಾಯಿಸೋದು ಒಂದು ವಾರ. ಆಗ ಮೆಕ್ಯಾನಿಕ್ ಒಂದು ಕ್ರಮದಲ್ಲಿ ನೋಡ್ಕೊಂಡು ಬರ್ತಾರೆ. ಕಂಪ್ರೆಷನ್ ಇದೆಯಾ, ಎಣ್ಣೆ ಬರ್ತಾ ಇದೆಯಾ, ಲೈನಿನಲ್ಲಿ ಗಾಳಿ ಹಿಡಿದಿದೆಯಾ, ನಾಜಲ್ ಸರಿಯಾಗಿ ಉದುರಿಸುತ್ತಾ, ಪಂಪ್ ಟೈಮಿಂಗ್ ಕೂತಿದೆಯಾ. ರುಡಾಲ್ಫ್ ಡೀಸೆಲ್ ಬಗ್ಗೆ ಓದ್ತಾ ಹೋದಾಗ ನಮಗೆ ಕಂಡದ್ದು ಇದು: ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಅವರ ಆಯುಷ್ಯದ ಒಂದೊಂದು ವರ್ಷ ತಿಂದಿವೆ. ಎಣ್ಣೆಗೂ ಮನುಷ್ಯನಿಗೂ ಒಂದೇ ಹೆಸರಾಗಿ ಗೊಂದಲ ಆಗೋದರಿಂದ ಇಲ್ಲಿಂದ ಮುಂದೆ ಮನುಷ್ಯನನ್ನು ರುಡಾಲ್ಫ್ ಅಂತಲೇ ಕರೀತೀವಿ.

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸಿನಲ್ಲಿ. ಅಪ್ಪ ಅಮ್ಮ ಜರ್ಮನ್ನರು. ಅಪ್ಪ ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸದವರು, ಆಗ್ಸ್‌ಬರ್ಗ್ ಊರಿನವರು. 1870ರಲ್ಲಿ ಫ್ರಾನ್ಸಿಗೂ ಜರ್ಮನ್ನರಿಗೂ ಯುದ್ಧ ಶುರುವಾದಾಗ ಪ್ಯಾರಿಸಿನಲ್ಲಿದ್ದ ಜರ್ಮನ್ ಕುಟುಂಬಗಳು ಊರು ಬಿಡಬೇಕಾಯ್ತು. ಇವರ ಮನೆಯವರು ಲಂಡನ್ನಿಗೆ ಹೋದರು. ಅಲ್ಲಿಂದ 12 ವರ್ಷದ ಹುಡುಗನೊಬ್ಬನನ್ನೇ ಆಗ್ಸ್‌ಬರ್ಗಿನ ನೆಂಟರ ಮನೆಗೆ ಕಳಿಸಿದರು. ಆ ಮನೆಯ ಯಜಮಾನರು ಲೆಕ್ಕದ ಮೇಷ್ಟ್ರು. ಓದೋಕೆ ಅಂತ ಸಣ್ಣ ವಯಸ್ಸಿಗೇ ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಇದ್ದು ಬಂದವರು ನಮ್ಮ ಕ್ಯಾಂಪಸ್ಸಿನಲ್ಲೂ ಇದ್ದಾರೆ, ಅದು ಹೇಗಿರುತ್ತೆ ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಹುಡುಗ ಚೆನ್ನಾಗಿ ಓದಿದ. ಸ್ಕಾಲರ್‌ಶಿಪ್ ಸಿಕ್ಕಿ ಮ್ಯೂನಿಕ್ಕಿನ ಪಾಲಿಟೆಕ್ನಿಕ್ ಸೇರಿದ. ಅಲ್ಲಿ ಪಾಠ ಮಾಡುತ್ತಿದ್ದವರು ಕಾರ್ಲ್ ಫಾನ್ ಲಿಂಡೆ, ಅಂದರೆ ರೆಫ್ರಿಜರೇಶನ್ ಚಾಪ್ಟರಿನಲ್ಲಿ ಬರುವ ಅದೇ ಲಿಂಡೆ. ಸ್ಟೀಮ್ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಕೆಲಸಕ್ಕೆ ತರುವುದಿಲ್ಲ, ಮಿಕ್ಕಿದ್ದೆಲ್ಲ ಹೊಗೆಯಲ್ಲಿ, ಆವಿಯಲ್ಲಿ ಹೋಗುತ್ತೆ ಅಂತ ಅವರು ಕ್ಲಾಸಿನಲ್ಲಿ ವಿವರಿಸಿದ್ದು ಈ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು. ಕಾರ್ನೋ ಸೈಕಲ್ ಹತ್ತಿರಕ್ಕಾದರೂ ಹೋಗುವ ಎಂಜಿನ್ ಯಾಕೆ ಮಾಡಬಾರದು? ನಾವೂ ಕಾರ್ನೋ ಸೈಕಲ್ ಓದ್ತೀವಿ. ಅದು ಆಗದ ಹೋಗದ ಐಡಿಯಲ್ ಸೈಕಲ್ ಅಂತ ಒಂದು ಸಾಲು ಬರೆದು ಮುಂದೆ ಹೋಗ್ತೀವಿ. ಅವರು ಮುಂದೆ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ.

1879ರಲ್ಲಿ ಟೈಫಾಯ್ಡ್ ಬಂದು ಫೈನಲ್ ಪರೀಕ್ಷೆ ತಪ್ಪಿತು. ಮತ್ತೆ ಪರೀಕ್ಷೆ ಬರುವವರೆಗೆ ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರಿನಲ್ಲಿ ಸುಲ್ಜರ್ ಕಾರ್ಖಾನೆಯಲ್ಲಿ ಕೈ ಕೆಲಸ ಕಲಿತರು. 1880ರ ಜನವರಿಯಲ್ಲಿ ಒಳ್ಳೇ ಅಂಕಗಳೊಂದಿಗೆ ಪಾಸಾಗಿ ಲಿಂಡೆಯವರದ್ದೇ ಐಸ್ ಕಂಪನಿಯ ಕೆಲಸಕ್ಕೆ ಪ್ಯಾರಿಸಿಗೆ ಹೋದರು. ಮುಂದಿನ ಹತ್ತು ವರ್ಷ ಐಸ್ ಮಶೀನುಗಳ ನಡುವೆಯೇ ಕಳೀತು. 1883ರಲ್ಲಿ ಮಾರ್ಥಾ ಫ್ಲಾಶೆ ಅವರನ್ನು ಮದುವೆಯಾದರು. ಮೂರು ಮಕ್ಕಳಾದರು. ಬಿಡುವಿನಲ್ಲಿ ಅಮೋನಿಯಾ ಆವಿಯಲ್ಲಿ ಓಡುವ ಎಂಜಿನ್ ಮಾಡೋಕೆ ಹೊರಟರು. ಅದು ಕೈಗೂಡಲಿಲ್ಲ. ಆದರೆ ಹೆಚ್ಚು ಒತ್ತಡದ ಅನಿಲ ಹಿಡಿದಿಡೋದು ಎಷ್ಟು ಕಷ್ಟ ಅನ್ನೋದು ಅಲ್ಲಿ ಗೊತ್ತಾಯ್ತು. 1890ರಲ್ಲಿ ಬರ್ಲಿನ್ನಿಗೆ ಬಂದರು.

ಅವರ ಯೋಚನೆ ಸರಳ. ಸೈಕಲ್ ಪಂಪಿನ ಬಾಯಿ ಬೆರಳಲ್ಲಿ ಮುಚ್ಚಿ ಜೋರಾಗಿ ಒತ್ತಿದರೆ ಪಂಪಿನ ತುದಿ ಬಿಸಿಯಾಗುತ್ತಲ್ಲ, ಹಾಗೆ ಗಾಳಿಯನ್ನು ಒತ್ತಬೇಕು. ಎಷ್ಟು ಅಂದರೆ ಅದರೊಳಕ್ಕೆ ಎಣ್ಣೆ ಬಿಟ್ಟ ಕೂಡಲೇ ತಾನಾಗೇ ಹೊತ್ತಿಕೊಳ್ಳುವಷ್ಟು. ಸ್ಪಾರ್ಕ್ ಪ್ಲಗ್ ಬೇಡ, ಕಾಯಿಲ್ ಬೇಡ. ಎಷ್ಟು ಒತ್ತುತ್ತೀವೋ ಅಷ್ಟು ಎಫಿಶಿಯೆನ್ಸಿ. 1893ರ ಫೆಬ್ರವರಿಯಲ್ಲಿ ಪೇಟೆಂಟ್ ಸಿಕ್ಕಿತು, ನಂಬರ್ 67207. ಅದೇ ವರ್ಷ ಒಂದು ಸಣ್ಣ ಪುಸ್ತಕವನ್ನೂ ಬರೆದರು. ಪುಸ್ತಕದಲ್ಲಿದ್ದ ಒತ್ತಡ 250 ವಾತಾವರಣದಷ್ಟು. ಆಗಿನ ಯಾವ ಸಿಲಿಂಡರೂ ಅದನ್ನು ತಡೆಯುವ ಹಾಗಿರಲಿಲ್ಲ. ಆಗ್ಸ್‌ಬರ್ಗ್ ಯಂತ್ರ ಕಾರ್ಖಾನೆಯ ಹೈನ್ರಿಕ್ ಬೂಟ್ಸ್ ಮೊದಲು ಆಗೋದಿಲ್ಲ ಅಂದರು. ರುಡಾಲ್ಫ್ ಲೆಕ್ಕ ತಿದ್ದಿ, ಒತ್ತಡ ಇಳಿಸಿ ಮತ್ತೆ ಹೋದಾಗ ಒಪ್ಪಿಕೊಂಡರು. ಕ್ರುಪ್ ಕಂಪನಿಯೂ ದುಡ್ಡು ಹಾಕಿತು.

ಮೊದಲ ಎಂಜಿನ್ನಿನ ಬೋರ್ 150 ಮಿಲಿಮೀಟರ್, ಸ್ಟ್ರೋಕ್ 400 ಮಿಲಿಮೀಟರ್. ಅದಕ್ಕೆ ತಾನಾಗೇ ಓಡುವ ಶಕ್ತಿ ಇರಲಿಲ್ಲ, ಕಾರ್ಖಾನೆಯ ಬೆಲ್ಟ್ ಕಟ್ಟಿ ತಿರುಗಿಸುತ್ತಿದ್ದರು. ಅಂದುಕೊಂಡ ಕಂಪ್ರೆಷನ್ನು ಹತ್ತಿರಕ್ಕೂ ಬರಲಿಲ್ಲ. ಪಿಸ್ಟನ್ ಪಕ್ಕದಿಂದ, ವಾಲ್ವ್ ಸಂದಿಯಿಂದ ಗಾಳಿ ಸೋರುತ್ತಿತ್ತು. ಹಳೇ ಎಂಜಿನ್ ತಂದು ಜೀಪಿಗೆ ಕೂರಿಸಿದವರಿಗೆ ಮೊದಲು ಎದುರಾಗೋದೂ ಇದೇ. ಪೆಟ್ರೋಲ್ ಎಂಜಿನ್ನಿನಲ್ಲಿ ರಿಂಗ್ ಸ್ವಲ್ಪ ಸವೆದಿದ್ದರೂ ಸ್ಪಾರ್ಕ್ ಹೇಗೋ ಕಾಪಾಡುತ್ತೆ. ಡೀಸೆಲ್ಲಿನಲ್ಲಿ ಆ ರಿಯಾಯಿತಿ ಇಲ್ಲ, ಬೆಂಕಿ ಹುಟ್ಟೋದೇ ಒತ್ತಡದಿಂದ. ರಿಂಗ್ ಸವೆದರೆ, ವಾಲ್ವ್ ಸರಿಯಾಗಿ ಕೂರದಿದ್ದರೆ, ಹೆಡ್ ಗ್ಯಾಸ್ಕೆಟ್ ಸೋರಿದರೆ ಗಾಳಿ ಸಾಕಷ್ಟು ಬಿಸಿಯೇ ಆಗೋದಿಲ್ಲ. ಸೆಲ್ಫ್ ಹೊಡೆದಷ್ಟೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತೆ, ಅದು ಸುಡದ ಎಣ್ಣೆಯ ಆವಿ. ಹಾಸನದ ಡಿಸೆಂಬರ್ ಬೆಳಗಿನ ಚಳಿಯಲ್ಲಂತೂ ಕಬ್ಬಿಣವೇ ತಣ್ಣಗಿದ್ದು, ಹುಟ್ಟಿದ ಚೂರುಪಾರು ಶಾಖವನ್ನೂ ಎಳ್ಕೊಂಡು ಬಿಡುತ್ತೆ. ಪ್ಯೂಜೋ ಥರದ ಎಂಜಿನ್ನುಗಳಲ್ಲಿ ಹೀಟರ್ ಪ್ಲಗ್ ಇಟ್ಟಿರೋದು ಅದಕ್ಕೇ. ಪೆಟ್ರೋಲ್ ಜೀಪಿನ ಹಳೇ ವೈರಿಂಗಿನಲ್ಲಿ ಹೀಟರಿಗೆ ಲೈನೇ ಇರೋದಿಲ್ಲ, ಬೇರೆ ಎಳೀಬೇಕು. ಬ್ಯಾಟರಿಯೂ ದೊಡ್ಡದು ಬೇಕು, ಯಾಕಂದರೆ ಅಷ್ಟು ಕಂಪ್ರೆಷನ್ನಿನ ವಿರುದ್ಧ ಕ್ರ್ಯಾಂಕ್ ತಿರುಗಿಸಬೇಕಲ್ಲ.

1893ರ ಆಗಸ್ಟ್ 10ರಂದು ಮೊದಲ ಸಲ ಎಣ್ಣೆ ಬಿಟ್ಟರು. ಆಗ ಬಳಸಿದ್ದು ಪೆಟ್ರೋಲ್. ಢಂ ಅಂತ ಸಿಡಿದು ಒತ್ತಡ 80 ವಾತಾವರಣದವರೆಗೆ ಏರಿ, ಅಳೆಯೋಕೆ ಇಟ್ಟಿದ್ದ ಇಂಡಿಕೇಟರ್ ಚೂರಾಗಿ ಹಾರಿಹೋಯ್ತು. ಪುಣ್ಯಕ್ಕೆ ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಎಂಜಿನ್ ಓಡಲಿಲ್ಲ. ಆದರೂ ಒಂದು ವಿಷಯ ಪಕ್ಕಾ ಆಯ್ತು, ಕಿಡಿಯಿಲ್ಲದೆ ಒತ್ತಡ ಒಂದರಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತೆ. ನಾವು ಲ್ಯಾಬಿನಲ್ಲಿ ಒಂದು ರೀಡಿಂಗ್ ತಪ್ಪಿದರೆ ಪಕ್ಕದ ಬ್ಯಾಚಿನದ್ದು ನೋಡ್ತೀವಿ. ಅವರಿಗೆ ಪಕ್ಕದ ಬ್ಯಾಚೇ ಇರಲಿಲ್ಲ.

ಎಂಜಿನ್ ಬಿಚ್ಚಿ ಬಹುಪಾಲು ಹೊಸದಾಗಿ ಕಟ್ಟಿದರು. 1894ರ ಫೆಬ್ರವರಿ 17ರಂದು ಎಂದಿನಂತೆ ಬೆಲ್ಟಿನಿಂದ ತಿರುಗುತ್ತಿದ್ದಾಗ, ಎಳೆಯುತ್ತಿದ್ದ ಬೆಲ್ಟ್ ಇದ್ದಕ್ಕಿದ್ದ ಹಾಗೆ ಸಡಿಲವಾಯ್ತು. ಅಂದರೆ ಈಗ ಬೆಲ್ಟ್ ಎಂಜಿನ್ನನ್ನು ಎಳೀತಾ ಇಲ್ಲ, ಎಂಜಿನ್ನೇ ಬೆಲ್ಟನ್ನು ಎಳೀತಾ ಇದೆ. ಪಕ್ಕದಲ್ಲಿ ನಿಂತಿದ್ದ ಕೆಲಸಗಾರ ಅದನ್ನು ಮೊದಲು ಗಮನಿಸಿ ಮಾತಾಡದೆ ತಲೆ ಮೇಲಿನ ಟೋಪಿ ತೆಗೆದರಂತೆ. ಎಂಜಿನ್ ತನ್ನಷ್ಟಕ್ಕೆ ಓಡಿದ್ದು ಸುಮಾರು ಒಂದು ನಿಮಿಷ, 88 ಸುತ್ತು. ಎರಡು ವರ್ಷದ ಕೆಲಸಕ್ಕೆ ಒಂದು ನಿಮಿಷ.

ಅಲ್ಲಿಂದ ಮುಂದಿನ ಮೂರು ವರ್ಷ ಹೋಗಿದ್ದು ಮುಖ್ಯವಾಗಿ ಎಣ್ಣೆ ಒಳಗೆ ಬಿಡುವ ಸಮಸ್ಯೆಗೆ. ಎಣ್ಣೆ ಹನಿಹನಿಯಾಗಿ ಬಿದ್ದರೆ ಸರಿಯಾಗಿ ಸುಡೋದಿಲ್ಲ, ಮಂಜಿನ ಹಾಗೆ ಹರಡಬೇಕು. ಅದೂ ಸಿಲಿಂಡರಿನೊಳಗೆ ಭಾರೀ ಒತ್ತಡ ಇರುವ ಸಮಯಕ್ಕೆ, ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ಪಂಪಿನಿಂದ ನೇರ ತಳ್ಳಿ ನೋಡಿದರು. ಆ ಕಾಲದ ಯಂತ್ರಗಳಲ್ಲಿ ಅಷ್ಟು ನಿಖರವಾದ ಪಂಪು, ನಾಜಲ್ಲು ಕೊರೆಯೋಕೆ ಆಗುತ್ತಿರಲಿಲ್ಲ. ಕೊನೆಗೆ, ಬೇರೆ ಕಂಪ್ರೆಸರಿನಲ್ಲಿ ಒತ್ತಿದ ಗಾಳಿಯ ಜೊತೆ ಎಣ್ಣೆಯನ್ನು ಊದಿ ಕಳಿಸುವ ದಾರಿ ಹಿಡಿದರು. ಕೆಲಸ ಆಯ್ತು. ಆದರೆ ಎಂಜಿನ್ನಿನ ಜೊತೆ ಒಂದು ಕಂಪ್ರೆಸರೂ ಗಂಟುಬಿತ್ತು. ತೂಕ, ಖರ್ಚು, ಕೆಡೋಕೆ ಇನ್ನೊಂದು ಜಾಗ. ಎಂಜಿನ್ ಗಾಡಿಯೊಳಕ್ಕೆ ಇಳಿಯದ ಹಾಗೆ ಬಹಳ ವರ್ಷ ತಡೆದಿದ್ದು ಈ ಕಂಪ್ರೆಸರೇ.

ಇವತ್ತು ಜೀಪಿನ ನಾಜಲ್ ಬಿಚ್ಚಿ ಟೆಸ್ಟರಿಗೆ ಹಾಕಿ ಕೈಪಂಪು ಒತ್ತಿದಾಗ ಚಿರ್ ಅನ್ನುವ ಸದ್ದಿನ ಜೊತೆ ಮಂಜು ಹಾರಿದರೆ ಸರಿ, ಹನಿ ತೊಟ್ಟಿಕ್ಕಿದರೆ ಕೆಟ್ಟಿದೆ ಅಂತ ಅರ್ಥ. ಆಗ್ಸ್‌ಬರ್ಗಿನಲ್ಲಿ ತಿಂಗಳುಗಟ್ಟಲೆ ನೋಡಿದ್ದೂ ಇದನ್ನೇ. ನಾಜಲ್ಲಿಗೆ ಮುಂಚೆ ನೋಡಬೇಕಾದ್ದು ಗಾಳಿ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿದಾಗ ಬಹಳ ಸಲ ಆಗೋದು ಹೀಗೆ: ಸ್ಟಾರ್ಟ್ ಆಗುತ್ತೆ, ಎರಡು ನಿಮಿಷ ಓಡುತ್ತೆ, ಆಮೇಲೆ ಗೊರ್ ಗೊರ್ ಅಂತ ನಿಂತುಹೋಗುತ್ತೆ. ಹಳೇ ರಬ್ಬರ್ ಪೈಪು ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಬಿರುಕು ಬಿಟ್ಟಿರುತ್ತೆ. ಅಲ್ಲಿ ಎಣ್ಣೆ ಹೊರಗೆ ಸೋರೋದಿಲ್ಲ, ಗಾಳಿಯನ್ನು ಒಳಗೆ ಎಳ್ಕೊಳ್ಳುತ್ತೆ. ಹಾಗಾಗಿ ಕೆಳಗೆ ಕಲೆ ಹುಡುಕಿದರೆ ಏನೂ ಸಿಗೋದಿಲ್ಲ. ಗಾಳಿ ಒತ್ತಿದರೆ ಕುಗ್ಗುತ್ತೆ, ಎಣ್ಣೆ ಕುಗ್ಗೋದಿಲ್ಲ. ಲೈನಿನಲ್ಲಿ ಗಾಳಿ ಇದ್ದರೆ ಪಂಪು ಎಷ್ಟು ಒತ್ತಿದರೂ ನಾಜಲ್ ತೆರೆಯೋದಿಲ್ಲ. ಫಿಲ್ಟರಿನ ಮೇಲಿನ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೂ ಕೈಪಂಪು ಹೊಡೀಬೇಕು, ಆಮೇಲೆ ನಾಜಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೀಬೇಕು. ಇನ್ನೊಂದು ವಿಷಯ, ಡೀಸೆಲ್ ಪಂಪು, ನಾಜಲ್ಲುಗಳಿಂದ ಮಿಕ್ಕ ಎಣ್ಣೆ ವಾಪಸ್ ಟ್ಯಾಂಕಿಗೆ ಹೋಗೋಕೆ ರಿಟರ್ನ್ ಲೈನ್ ಬೇಕು. ಕಾರ್ಬ್ಯುರೇಟರ್ ಇದ್ದ ಹಳೇ ಜೀಪಿನ ಟ್ಯಾಂಕಿಗೆ ಅಂಥದ್ದೊಂದು ತೂತೇ ಇರೋದಿಲ್ಲ. ಎಂಜಿನ್ ತಂದವರು ಎಂಜಿನ್ ಮಾತ್ರ ನೋಡಿರ್ತಾರೆ, ಟ್ಯಾಂಕ್ ನೋಡಿರೋದಿಲ್ಲ. ಕೀ ತಿರುಗಿಸಿದರೆ ಎಂಜಿನ್ ನಿಲ್ಲೋದೂ ಇಲ್ಲ. ಸ್ಪಾರ್ಕೇ ಇಲ್ಲದ ಮೇಲೆ ಕೀ ಏನು ಮಾಡುತ್ತೆ? ಪಂಪಿಗೆ ಸ್ಟಾಪ್ ಕೇಬಲ್ ಎಳೆಯೋದನ್ನು ಮರೆತರೆ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಕೊಲ್ಲಬೇಕು.

ರುಡಾಲ್ಫ್ ಕಡೆ ಬರೋಣ. 1897ರ ಫೆಬ್ರವರಿ 17, ಮತ್ತೆ ಅದೇ ತಾರೀಖು. ಮ್ಯೂನಿಕ್ಕಿನ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಬಂದು ಹೊಸ ಎಂಜಿನ್ನನ್ನು ಅಧಿಕೃತವಾಗಿ ಪರೀಕ್ಷೆ ಮಾಡಿದರು. ಬೋರ್ 250, ಸ್ಟ್ರೋಕ್ 400 ಮಿಲಿಮೀಟರ್, ಎತ್ತರ ಸುಮಾರು 3 ಮೀಟರ್. ನಿಮಿಷಕ್ಕೆ 154 ಸುತ್ತಿನಲ್ಲಿ ಸಿಕ್ಕಿದ ಪವರ್ 17.8 ಹಾರ್ಸ್‌ಪವರ್, ಎಫಿಶಿಯೆನ್ಸಿ ಶೇಕಡಾ 26.2. ಆ ಕಾಲದ ಸ್ಟೀಮ್ ಎಂಜಿನ್ನುಗಳ ಎರಡು ಪಟ್ಟಿಗಿಂತ ಜಾಸ್ತಿ. ಲಿಂಡೆ ಕ್ಲಾಸಿನಲ್ಲಿ ಎದ್ದ ಪ್ರಶ್ನೆಗೆ ಸುಮಾರು ಇಪ್ಪತ್ತು ವರ್ಷದ ಮೇಲೆ ಸಿಕ್ಕಿದ ಉತ್ತರ ಅದು. ಪುಸ್ತಕದಲ್ಲಿ ಬರೆದಿದ್ದ ಎಂಜಿನ್ನಿಗೂ ಇದಕ್ಕೂ ಬಹಳ ದೂರ ಅನ್ನೋದೂ ನಿಜ. 250 ವಾತಾವರಣ ಹೋಗಿ ಮೂವತ್ತರ ಆಸುಪಾಸಿಗೆ ಬಂದಿತ್ತು. ವಿರೋಧಿಗಳು ಅದನ್ನೇ ಹಿಡಿದು ಕೋರ್ಟು, ಪೇಟೆಂಟ್ ಅಂತ ಎಳೆದಾಡಿದರು. ನಮಗನಿಸೋದು, ಓಡಿಸಿ ತೋರಿಸಿದ ಮೇಲೆ ಆ ಜಗಳಕ್ಕೆ ತೂಕ ಕಮ್ಮಿ.

ಇಲ್ಲಿಗೆ ಸಿನಿಮಾ ಆಗಿದ್ದರೆ ಶುಭಂ ಬೀಳ್ತಿತ್ತು. ದುಡ್ಡು ಹೊಳೆಯಾಗಿ ಹರಿಯಿತು. ಸುಲ್ಜರ್ ಲೈಸೆನ್ಸ್ ತಗೊಂಡರು, ಅಮೆರಿಕದ ಬಿಯರ್ ಕಂಪನಿ ಮಾಲೀಕ ಅಡಾಲ್ಫಸ್ ಬುಶ್ ಹತ್ತು ಲಕ್ಷ ಮಾರ್ಕ್ ಕೊಟ್ಟು ತಗೊಂಡರು, ನೊಬೆಲ್ ಕುಟುಂಬದವರು ರಷ್ಯಾಕ್ಕೆ ತಗೊಂಡರು. ಮ್ಯೂನಿಕ್ಕಿನಲ್ಲಿ ರುಡಾಲ್ಫ್ ದೊಡ್ಡ ಬಂಗಲೆ ಕಟ್ಟಿಸಿದರು. 1898ರಲ್ಲಿ ಎರಡು ಸಿಲಿಂಡರಿನ, 60 ಹಾರ್ಸ್‌ಪವರಿನ ಎಂಜಿನ್ ಕೆಂಪ್ಟೆನ್ ಊರಿನ ಬೆಂಕಿಕಡ್ಡಿ ಫ್ಯಾಕ್ಟರಿಗೆ ಹೋಯ್ತು. ಗಿರಾಕಿಯ ಕೈಗೆ ಹೋದ ಮೊದಲ ಎಂಜಿನ್ನುಗಳಲ್ಲಿ ಅದೂ ಒಂದು. ಅಲ್ಲಿಂದ ಅಸಲಿ ಪರೀಕ್ಷೆ ಶುರು.

ಟೆಸ್ಟ್ ಬೆಡ್ ಮೇಲೆ ಸುತ್ತ ಇಂಜಿನಿಯರುಗಳು ನಿಂತು ನೋಡ್ಕೊಳ್ಳುವಾಗ ಓಡಿದ ಎಂಜಿನ್ನು, ದಿನವಿಡೀ ಕೆಲಸ ಮಾಡಬೇಕಾದ ಫ್ಯಾಕ್ಟರಿಯಲ್ಲಿ ನಿಲ್ಲತೊಡಗಿತು. ಊದುವ ನಾಜಲ್ ಕಟ್ಟಿಕೊಳ್ಳೋದು, ಕಂಪ್ರೆಸರ್ ಕೆಡೋದು, ವಾಲ್ವ್ ಸೋರೋದು. ಅದನ್ನು ನಡೆಸ್ತಾ ಇದ್ದವರು ಸ್ಟೀಮ್ ಎಂಜಿನ್ ಗೊತ್ತಿದ್ದವರು, ಈ ಹೊಸ ಯಂತ್ರದ ಜಾಯಮಾನ ಗೊತ್ತಿಲ್ಲದವರು. ಆಗ್ಸ್‌ಬರ್ಗಿನಿಂದ ಜನ ಹೋಗಿ ಹೋಗಿ ರಿಪೇರಿ ಮಾಡಬೇಕಾಯ್ತು. ರುಡಾಲ್ಫ್ ಹೆಸರಿನಲ್ಲೇ ಆಗ್ಸ್‌ಬರ್ಗಿನಲ್ಲಿ ಶುರುವಾದ ಬೇರೊಂದು ಎಂಜಿನ್ ಫ್ಯಾಕ್ಟರಿ ಮಾರಿದ ಎಂಜಿನ್ನುಗಳು ವಾಪಸ್ ಬಂದವು, ಆ ಕಂಪನಿ ಮೇಲೇಳಲೇ ಇಲ್ಲ. 1898ರ ಶರತ್ಕಾಲದಲ್ಲಿ ರುಡಾಲ್ಫ್ ತಲೆನೋವು, ನಿದ್ರೆಯಿಲ್ಲದೆ ಕುಸಿದು ಆರೋಗ್ಯಧಾಮ ಸೇರಿದರು. ಆಗ ಅವರಿಗೆ 40 ವರ್ಷ.

ಅವರ ಬದುಕಿನಲ್ಲಿ ನಮಗೆ ಹೆಚ್ಚು ಕಾಡೋದು ಈ ಘಟ್ಟ. ಎಂಜಿನ್ ಹುಟ್ಟಿಸುವಾಗ ಅವರಿಗಿದ್ದ ತಾಳ್ಮೆ ಅಪಾರ. ನಾಲ್ಕು ವರ್ಷ ಬಿಚ್ಚಿದರು, ಕಟ್ಟಿದರು. ಆದರೆ ಮಾರಿದ ಮೇಲೆ ಬರುವ ಸಣ್ಣ ಸಣ್ಣ ತಕರಾರುಗಳಿಗೆ ಬೇಕಾದ ತಾಳ್ಮೆ ಬೇರೆ ಜಾತಿಯದ್ದು. ಅದು ಅವರಲ್ಲಿ ಉಳಿದಿರಲಿಲ್ಲ ಅಥವಾ ಮೊದಲೇ ಖರ್ಚಾಗಿತ್ತು. ಕೆಂಪ್ಟೆನ್ ನಂತರದ ವರ್ಷಗಳಲ್ಲಿ ಎಂಜಿನ್ನನ್ನು ನಂಬಿಕೆಗೆ ಅರ್ಹ ಮಾಡಿದವರು ಆಗ್ಸ್‌ಬರ್ಗ್ ಕಾರ್ಖಾನೆಯ ಇಮಾನುಯೆಲ್ ಲೌಸ್ಟರ್ ಥರದ ಇಂಜಿನಿಯರುಗಳು. ಕಂಪನಿಗಳು ಒಂದೊಂದೇ ಭಾಗ ಸರಿಪಡಿಸುತ್ತಾ ಹೋದವು. ಹೆಸರು ರುಡಾಲ್ಫ್ ಅವರದ್ದೇ ಉಳೀತು, ಲೌಸ್ಟರ್ ಹೆಸರು ನಮ್ಮ ಟೆಕ್ಸ್ಟ್‌ಬುಕ್ಕಿನಲ್ಲಿ ಹುಡುಕಿದರೂ ಸಿಗಲಿಲ್ಲ.

1900ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನಿಗೆ ದೊಡ್ಡ ಬಹುಮಾನ ಬಂತು. ಅದೇ ಪ್ರದರ್ಶನದಲ್ಲಿ ಆಟೋ ಕಂಪನಿಯವರು ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಫ್ರೆಂಚ್ ಸರ್ಕಾರದ ಕೋರಿಕೆ ಮೇಲೆ ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿದ್ದರು. ಎಣ್ಣೆ ಬದಲಾಗಿದ್ದು ನೋಡಿದವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ಮುಂದೆ 1912ರಲ್ಲಿ ರುಡಾಲ್ಫ್ ಇದನ್ನು ನೆನೆದು, ಸಸ್ಯದ ಎಣ್ಣೆ ಮುಂದೊಂದು ದಿನ ಮುಖ್ಯವಾದೀತು ಅನ್ನುವ ಅರ್ಥದಲ್ಲಿ ಮಾತಾಡಿದರು. ಹಾಸನದವರಾದ ನಾವು ಇಲ್ಲಿ ಸ್ವಲ್ಪ ಎದೆ ಉಬ್ಬಿಸಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇರೋದು ಇಲ್ಲೇ ಮಡೆನೂರಿನಲ್ಲಿ. ಹೊಂಗೆ, ಹಿಪ್ಪೆ, ಬೇವು, ಸಿಮರೂಬ ಬೀಜಗಳಿಂದ ಎಣ್ಣೆ ತೆಗೆದು ಬಯೋಡೀಸೆಲ್ ಮಾಡುವ ಕೆಲಸ ಅಲ್ಲಿ ನಡೆದಿದೆ. ಅದಕ್ಕೂ ಮೊದಲು, ಸುಮಾರು 2000ದ ಹೊತ್ತಿಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಹೊಲಕ್ಕೆ ನೀರು ಹರಿಸಿದ್ದರು. ಹಾಗಂತ ಮನೆಯಲ್ಲಿರೋ ಹೊಂಗೆ ಎಣ್ಣೆಯನ್ನು ಸೀದಾ ಜೀಪಿನ ಟ್ಯಾಂಕಿಗೆ ಸುರೀಬೇಡಿ. ಅದು ಡೀಸೆಲ್ಲಿಗಿಂತ ಬಹಳ ಮಂದ. ನಾಜಲ್ಲಿನಲ್ಲಿ ಮಂಜಾಗೋದಿಲ್ಲ, ಹನಿಯಾಗುತ್ತೆ, ಮಸಿ ಕಟ್ಟುತ್ತೆ. ಮೆಥನಾಲ್ ಜೊತೆ ರಿಯಾಕ್ಟ್ ಮಾಡಿಸಿ ಗ್ಲಿಸರಿನ್ ಬೇರ್ಪಡಿಸಿ ತೆಳು ಮಾಡೋದು ಅದಕ್ಕೇ.

ರುಡಾಲ್ಫ್ ಅವರಿಗೆ ನಿಜಕ್ಕೂ ಬೇಕಾಗಿದ್ದಿದ್ದು ಸಣ್ಣ ಎಂಜಿನ್. ಸ್ಟೀಮ್ ಎಂಜಿನ್ ದೊಡ್ಡದಾದಷ್ಟೂ ಲಾಭ, ಹಾಗಾಗಿ ಅದು ದೊಡ್ಡ ಬಂಡವಾಳದವರ ಸ್ವತ್ತು. ಸಣ್ಣ ಎಂಜಿನ್ನೂ ಅಷ್ಟೇ ಎಫಿಶಿಯೆಂಟ್ ಆದರೆ ಊರೂರಿನ ಬಡಗಿ, ನೇಯುವವರು, ಸಣ್ಣ ಕಸುಬಿನವರು ಫ್ಯಾಕ್ಟರಿಗಳ ಎದುರು ಬದುಕಿಕೊಳ್ಳಬಹುದು ಅನ್ನೋದು ಅವರ ಆಸೆ. 1903ರಲ್ಲಿ ಕೆಲಸಗಾರರು ಒಟ್ಟಾಗಿ ಸಹಕಾರಿ ಉದ್ಯಮ ಕಟ್ಟೋದರ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ಅದನ್ನು ಕೊಂಡವರು ಬಹಳ ಕಮ್ಮಿ. 1908ರ ಸುಮಾರಿಗೆ ಗಾಡಿಗೆ ಹೊಂದುವ ಸಣ್ಣ ಎಂಜಿನ್ ಮಾಡೋಕೆ ಮತ್ತೆ ಕೈ ಹಾಕಿದರು. ಕಂಪ್ರೆಸರನ್ನೂ ಹೊತ್ತುಕೊಂಡು ಜೋರಾಗಿ ಓಡಿ ಎನ್ನುವ ಎಂಜಿನ್ ಅದು, ರಸ್ತೆಯಲ್ಲಿ ನಿಲ್ಲಲಿಲ್ಲ. ಅವರ ಎಂಜಿನ್ ಗೆದ್ದಿದ್ದು ತೂಕದ ಚಿಂತೆ ಇಲ್ಲದ ಕಡೆ, ಪವರ್ ಹೌಸುಗಳಲ್ಲಿ, ಹಡಗುಗಳಲ್ಲಿ. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಅನ್ನುವ ದೊಡ್ಡ ಹಡಗು ಡೀಸೆಲ್ಲಿನಲ್ಲಿ ಸಾಗರ ದಾಟಿತು. ಬಡಗಿಗೆ ಅಂತ ಕನಸು ಕಂಡದ್ದು ಹಡಗಿಗೆ ಹೋಯ್ತು.

ದುಡ್ಡು ಬಂದ ಹಾಗೇ ಹೋಯ್ತು. ಗಲೀಷಿಯಾದ ಎಣ್ಣೆ ಬಾವಿಗಳಿಗೆ, ಮ್ಯೂನಿಕ್ಕಿನ ಜಾಗದ ವ್ಯವಹಾರಕ್ಕೆ ಹಾಕಿದ್ದು ಮುಳುಗಿತು. ಬಂಗಲೆಯ ಖರ್ಚು, ಕೋರ್ಟಿನ ಖರ್ಚು ಬೇರೆ. ಹೊರಗಿನವರಿಗೆ ಅವರು ಜಗತ್ತೇ ಬಲ್ಲ ಶ್ರೀಮಂತ ಇಂಜಿನಿಯರ್, ಒಳಗೆ ಲೆಕ್ಕ ಪೂರ್ತಿ ತಪ್ಪಿತ್ತು. 1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡನ್ ಅನ್ನುವ ಹಡಗು ಹತ್ತಿದರು. ಇಂಗ್ಲೆಂಡಿನಲ್ಲಿ ಡೀಸೆಲ್ ಕಂಪನಿಯ ಮೀಟಿಂಗ್ ಇತ್ತು. ಜೊತೆಗಿದ್ದ ಇಬ್ಬರ ಸಂಗಡ ಊಟ ಮಾಡಿ, ಬೆಳಿಗ್ಗೆ 6.15ಕ್ಕೆ ಎಬ್ಬಿಸಿ ಅಂತ ಹೇಳಿ, ರಾತ್ರಿ ಹತ್ತರ ಸುಮಾರಿಗೆ ತಮ್ಮ ರೂಮಿಗೆ ಹೋದರು. ಬೆಳಿಗ್ಗೆ ರೂಮಿನಲ್ಲಿ ಇರಲಿಲ್ಲ, ಹಾಸಿಗೆಯಲ್ಲಿ ಮಲಗಿದ ಗುರುತೂ ಇರಲಿಲ್ಲ. ಸುಮಾರು ಹತ್ತು ದಿನದ ಮೇಲೆ ಡಚ್ ದೋಣಿಯವರಿಗೆ ಸಮುದ್ರದಲ್ಲಿ ಒಂದು ದೇಹ ಸಿಕ್ಕಿತು. ಆ ಸ್ಥಿತಿಯಲ್ಲಿ ಒಯ್ಯಲಾಗದೆ ಜೇಬಿನಲ್ಲಿದ್ದ ಸಣ್ಣಪುಟ್ಟ ವಸ್ತುಗಳನ್ನು ಮಾತ್ರ ತಗೊಂಡು ದೇಹವನ್ನು ನೀರಿಗೇ ಬಿಟ್ಟರು. ಮಗ ಆಯ್ಗೆನ್ ಬಂದು ಆ ಮಾತ್ರೆ ಡಬ್ಬಿ, ಚಾಕು, ಕನ್ನಡಕದ ಕೇಸು ನೋಡಿ ಅಪ್ಪನದ್ದೇ ಅಂತ ಗುರುತಿಸಿದರು. ಬ್ರಿಟಿಷರು ಕೊಂದರು, ಎಣ್ಣೆ ಕಂಪನಿಯವರು ಕೊಂದರು ಅಂತೆಲ್ಲ ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೋ ಇವೆ. ಹೊರಡುವ ಮುಂಚೆ ಹೆಂಡತಿಗೆ ಒಂದು ಬ್ಯಾಗ್ ಕೊಟ್ಟು ವಾರ ಕಳೆದ ಮೇಲೆ ತೆಗೆಯೋಕೆ ಹೇಳಿದ್ದರು. ಅದರಲ್ಲಿ ಇದ್ದಿದ್ದು ನಗದು ಹಣ ಮತ್ತು ಖಾತೆಗಳು ಬರಿದಾಗಿವೆ ಅಂತ ತೋರಿಸುವ ಕಾಗದಗಳು. ಇದನ್ನು ಓದಿದ ಮೇಲೆ ನಮಗೆ ಆ ವಿಡಿಯೋಗಳ ಮೇಲೆ ನಂಬಿಕೆ ಬರಲಿಲ್ಲ.

ಅವರು ಹೋದ ಮೇಲೆ ಎಂಜಿನ್ ಸಣ್ಣದಾಯ್ತು. ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್, ಎಣ್ಣೆ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ನುಗ್ಗುವ ಉಪಾಯ ಮಾಡಿದ್ದರು. ಅದರಿಂದ ಕಂಪ್ರೆಸರ್ ಬೇಡವಾಯ್ತು. 1923ರಲ್ಲಿ ಬೆಂಜ್-ಸೆಂಡ್ಲಿಂಗ್ ಅನ್ನುವ ಮೂರು ಚಕ್ರದ ಟ್ರ್ಯಾಕ್ಟರ್ ಡೀಸೆಲ್ಲಿನಲ್ಲಿ ಹೊಲಕ್ಕಿಳಿಯಿತು. ಅಂದರೆ ರಸ್ತೆಯ ಕಾರಿಗಿಂತ ಮೊದಲು ಈ ಎಂಜಿನ್ ಮಣ್ಣು ತುಳೀತು. 1927ರಲ್ಲಿ ಬಾಷ್ ಕಂಪನಿ ನಿಖರವಾದ ಇಂಜೆಕ್ಷನ್ ಪಂಪನ್ನು ರಾಶಿಯಲ್ಲಿ ತಯಾರಿಸತೊಡಗಿತು. ರುಡಾಲ್ಫ್ ಪಂಪಿನಿಂದ ನೇರ ತಳ್ಳೋಕೆ ಹೋಗಿ ಆಗದೆ ಕೈಬಿಟ್ಟಿದ್ದ ದಾರಿ ಅದು. ಈಗ ಜೀಪಿನ ಪಂಪ್ ಟೈಮಿಂಗ್ ಕೂರಿಸುವಾಗ ಒಂದೆರಡು ಡಿಗ್ರಿ ಮುಂದಾದರೆ ಟಕಟಕ ಅಂತ ಬಡಿಯುತ್ತೆ, ಹಿಂದಾದರೆ ಬಿಳಿ ಹೊಗೆ ಬಂದು ಎಳೆಯೋದೇ ಇಲ್ಲ. ಹೊಗೆ ಬಿಳಿ ಅಂದ ಕೂಡಲೇ ರಿಂಗ್ ಹೋಗಿದೆ ಅಂತ ಎಂಜಿನ್ ಬಿಚ್ಚೋಕೆ ಕೂರಬಾರದು, ಮೊದಲು ಟೈಮಿಂಗ್ ನೋಡಬೇಕು ಅಂತ ಅನುಭವಸ್ಥರು ಹೇಳೋದು ಇದಕ್ಕೇ.

ಜಪಾನಿನ ಯಾಮಾಒಕಾ ಮಾಗೊಕಿಚಿ 1933ರಲ್ಲಿ ರೈತರ ಕೈಗೆ ಎಟುಕುವ ಸಣ್ಣ ಡೀಸೆಲ್ ಎಂಜಿನ್ ತಯಾರಿಸಿದರು, ಯಾನ್ಮಾರ್ ಅಂತ ಅದರ ಹೆಸರು. ಯುದ್ಧ ಮುಗಿದ ಮೇಲೆ ಆಗ್ಸ್‌ಬರ್ಗಿಗೆ ಹೋದಾಗ ಅಲ್ಲಿ ರುಡಾಲ್ಫ್ ಅವರಿಗೆ ತಕ್ಕ ಸ್ಮಾರಕ ಇಲ್ಲದ್ದು ನೋಡಿ ತಾವೇ ಜಪಾನಿನಿಂದ ಕಲ್ಲುಗಳನ್ನು ತರಿಸಿ ಒಂದು ಕಲ್ಲಿನ ತೋಟ ಮಾಡಿಸಿಕೊಟ್ಟರು. 1957ರಲ್ಲಿ ಆದ ಆ ತೋಟ ಆ ಊರಿನ ವಿಟೆಲ್ಸ್‌ಬಾಖ್ ಪಾರ್ಕಿನಲ್ಲಿ ಇವತ್ತಿಗೂ ಇದೆ. ಹತ್ತು ವರ್ಷದ ಮೇಲೆ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಟಿಲ್ಲರ್ಸ್ ಕೂಡ ಜಪಾನಿನ ಮಿತ್ಸುಬಿಷಿಯ ಜೊತೆ ಸೇರಿ ಟಿಲ್ಲರ್ ಮಾಡಿತು. ಅರಕಲಗೂಡಿನ ಹೊಲಗಳಲ್ಲಿ ಕಾಣುವ ಅವರ ಶಕ್ತಿ ಟಿಲ್ಲರಿನ ಎಂಜಿನ್ ಒಂದೇ ಸಿಲಿಂಡರಿನದ್ದು, 13 ಹಾರ್ಸ್‌ಪವರ್. 1897ರ ಮೂರು ಮೀಟರ್ ಎತ್ತರದ ಎಂಜಿನ್ನಿನ ಶಕ್ತಿಗೆ ಹೆಚ್ಚು ಕಮ್ಮಿ ಹತ್ತಿರ, ಎತ್ತರ ಮಾತ್ರ ಮೊಣಕಾಲಿನ ಮೇಲಕ್ಕೆ ಸ್ವಲ್ಪ. ಹ್ಯಾಂಡಲ್ ಹಾಕಿ, ಡಿಕಂಪ್ರೆಷನ್ ಲಿವರ್ ಹಿಡಿದು ನಾಲ್ಕು ಸುತ್ತು ಜೋರಾಗಿ ತಿರುಗಿಸಿ ಲಿವರ್ ಬಿಟ್ಟರೆ ಹೊತ್ತಿಕೊಳ್ಳುತ್ತೆ. ಹೊತ್ತಿಕೊಳ್ಳದಿದ್ದರೆ ಮೊದಲು ಗಾಳಿ ತೆಗೆದು ನೋಡಿ.